ಪರದೆ ಹಿಂದಿನ ಗುಂಯ್

ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಮಾವನಿಗೆ ಇಲಿಮರಿ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಸಾಲು ಗುಡ್ಡ ಹತ್ತಿ ಇಳಿಯುತ್ತದೆ. ತಪ್ಪು ಕಂಡಲ್ಲಿ ನೀವೇ ತಿದ್ದಿಕೊಂಡು ಓದಿ. ಉತ್ತರ ಬರೆಯಲು ತಡವಾಯಿತು, ಅದಕ್ಕೂ ಬೈಯಬೇಡಿ. ಈ ಎರಡು ವಾರ ಪೆನ್ನಿಗಿಂತ ಟೆಸ್ಟರ್ ಹಿಡಿದದ್ದೇ ಹೆಚ್ಚು.

ಅತ್ತೆ ಚೆನ್ನಾಗಿದ್ದಾರೆ. "ನಿಮ್ಮ ಮಾವನ ಗೊರಕೆ ಇಲ್ಲದೆ ನಿದ್ದೆ ಹತ್ತೋದಿಲ್ಲ ಅಂತ ಮಾತ್ರ ಬರೀಬೇಡ" ಅಂದರು. ಬರೆದಿದ್ದೇನೆ.

ಮಾವ, ನಮ್ಮ ಥಿಯೇಟರಿನ ಗುಂಯ್ ಸದ್ದು ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಯಿತು! ಯಾವ ಸದ್ದಿಗೆ ಮ್ಯಾನೇಜರು ಟಿಕೆಟ್ ಕಿಟಕಿಯ ಹತ್ತಿರ ಎಲ್ಲರೆದುರು "ನಿಮ್ಮ ಕಿವಿ ಮುಗೀತು, ಮನೇಲಿರಿ" ಅಂದರೋ, ಯಾವ ಸದ್ದಿಗೆ ನೀವು ಇಪ್ಪತ್ತಾರು ವರ್ಷ ಜೇಬಲ್ಲಿಟ್ಟುಕೊಂಡಿದ್ದ ಪ್ರೊಜೆಕ್ಟರ್ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ದೊಡ್ಡಮ್ಮನ ಊರಿಗೆ ಹೊರಟುಹೋದಿರೋ, ಅದೇ ಸದ್ದು. ನಿಮ್ಮ ಕಿವಿಗೆ ಏನೂ ಆಗಿಲ್ಲ.

ನೀವು ಹೋದ ಮೇಲೂ ಸದ್ದು ಹೋಗಲಿಲ್ಲ. ನಾಯಕಿ ಮಾತಿಲ್ಲದೆ ಕಣ್ಣೀರು ಹಾಕುತ್ತಿದ್ದರೆ ಹಿಂದಿನಿಂದ ಗುಂಯ್ ಅನ್ನೋದು, ನಡುನಡುವೆ ಜರ್ರ್ ಅಂತಲೂ. "ಅತ್ತದ್ದು ಸಾಕಮ್ಮಾ, ಜೇನು ಬಂತು ಓಡು!" ಅಂತ ಜನ ಕೂಗೋರು. ಕೊನೆಗೆ ಮ್ಯಾನೇಜರು ತಮ್ಮ ಭಾವಮೈದನನ್ನೇ ಕರೆತಂದರು. ಮಿಕ್ಸಿ ರಿಪೇರಿಯವರು. ಮೇಲಿನ ಪ್ರೊಜೆಕ್ಟರ್ ಕೋಣೆಯಲ್ಲಿ ಎರಡು ಸುತ್ತು ಹಾಕಿ, "ಈ ಪ್ಲಗ್ಗಿನ ಅರ್ತಿಂಗ್ ಕಾಲು ಕತ್ತರಿಸಿಬಿಟ್ಟರೆ ಮುಗೀತು" ಅಂತ ಕಟ್ಟರ್ ತೆಗೆದರು. ನಾನು ಪ್ಲಗ್ಗನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. "ಕತ್ತರಿಸಿದರೆ ಸದ್ದೂ ನಿಲ್ಲುತ್ತೆ, ಯಾರದಾದರೂ ಉಸಿರೂ ನಿಲ್ಲುತ್ತೆ ಅಂತಾರೆ ನಮ್ಮ ಮಾವ" ಅಂದೆ.

"ಅಯ್ಯೋ, ಇದಕ್ಕೆ ಬಾಯಿ ಇದೆಯಾ!" ಅಂದರು ಮ್ಯಾನೇಜರು. "ಹಾಗಾದರೆ ನೀನೇ ಹುಡುಕು."

ನೀವು ಕಲಿಸಿದ ಹಾಗೇ ಶುರು ಮಾಡಿದೆ. ಗುಂಯ್ ಬೇರೆ, ಜರ್ರ್ ಬೇರೆ, ಎರಡಕ್ಕೂ ಒಂದೇ ಔಷಧ ಕುಡಿಸಬಾರದು, ಒಂದು ಸಲಕ್ಕೆ ಒಂದೇ ಸ್ವಿಚ್ಚು. ಬೆಳಗಿನ ಹೊತ್ತು ಖಾಲಿ ಹಾಲಿನ ಮುಂದಿನ ಸಾಲಿನಲ್ಲಿ ಕ್ಯಾಂಟೀನಿನ ಅಕ್ಕನನ್ನು ಕೂರಿಸಿದೆ. ಸದ್ದು ಬದಲಾದರೆ ಟವೆಲ್ ಎತ್ತಬೇಕು ಅಂತ ಮಾತು. ಫ್ರಿಜ್ ಆರಿಸಿದೆ, ಟವೆಲ್ ಇಲ್ಲ. ಫ್ಯಾನು ಆರಿಸಿದೆ, ಇಲ್ಲ. ಗೋಡೆಯ ಮಂದ ದೀಪಗಳನ್ನು ಆರಿಸಿದ ಕೂಡಲೇ ಟವೆಲ್ ಮೇಲೆ! ಜರ್ರ್ ಹೋಯಿತು. ಸೌಂಡಿನ ಕೇಬಲ್ಲು ಕೊಕ್ಕೆಯಿಂದ ಜಾರಿ ದೀಪದ ವೈರಿನ ಮೇಲೇ ಮಲಗಿತ್ತು. ಎಬ್ಬಿಸಿ ಒಂದು ಮೊಳ ದೂರಕ್ಕೆ ಕಟ್ಟಿದೆ.

ಗುಂಯ್ ಮಾತ್ರ ಹಾಗೇ ಇತ್ತು. ಪರದೆ ಹಿಂದಿನ ಏಣಿ ಹತ್ತಿ, ಆಂಪ್ಲಿಫೈಯರಿನಿಂದ ಸೌಂಡ್ ಕೇಬಲ್ ಕಿತ್ತೆ. "ಸತ್ತೋಯ್ತು ಕಣೇ!" ಅಂತ ಅಕ್ಕ ಕೂಗಿದರು. ಅಂದರೆ ಆಂಪ್ಲಿಫೈಯರ್ ಗಟ್ಟಿಯಾಗಿದೆ. ಕೇಬಲ್ಲನ್ನು ವಾಪಸ್ ಸಿಕ್ಕಿಸಿ, ಮೇಲಿನ ಮೆಷಿನ್ನುಗಳನ್ನು ಆರಿಸಿ ಬಂದರೂ ಗುಂಯ್. ಆಗ ಆಂಪ್ಲಿಫೈಯರಿನ ಕರೆಂಟಿನ ವೈರನ್ನು ಧೂಳಿನಲ್ಲಿ ಕೈಯಾಡಿಸಿಕೊಂಡು ಹೋದೆ. ಅದು ಮೇಲಿನ ಕೋಣೆಯಿಂದ ಬರುವ ಕೆಂಪು ಬೋರ್ಡಿನಲ್ಲಿ ಇರಬೇಕಲ್ಲವೇ? ಹಿಂಬಾಗಿಲ ಗೋಡೆಯ ಪ್ಲಗ್ಗಿಗೆ ಹೋಗಿತ್ತು! ಮೇಲಿನದಕ್ಕೆ ಒಂದು ಅರ್ತಿಂಗು, ಇದಕ್ಕೆ ಇನ್ನೊಂದು, ಎರಡು ಅರ್ತಿಂಗಾದರೆ ಗುಂಯ್ ತಾನೇ. ಪಾಪ, ಸೌಂಡ್ ಕೇಬಲ್ಲು ಅತ್ತೆ ಸೊಸೆ ನಡುವೆ ಸಿಕ್ಕಿದ ಗಂಡಸಿನ ಹಾಗೆ ಗೊಣಗುತ್ತಿತ್ತು.

ಕಿತ್ತು ಕೆಂಪು ಬೋರ್ಡಿಗೆ ಹಾಕಿದೆ. ಟವೆಲ್ ಏಳಲಿಲ್ಲ. ಇಳಿದು ಹೋಗಿ ನೋಡಿದರೆ ಅಕ್ಕ ಒರಗಿ ನಿದ್ದೆ ಹೊಡೆಯುತ್ತಿದ್ದಾರೆ. "ಸದ್ದು ನಿಂತಿತಲ್ಲ, ಹಾಯಾಗಿ ಕಣ್ಣು ಹತ್ತಿತು" ಅಂದರು.

ಮ್ಯಾನೇಜರು ಬಂದು ಕಿವಿಗೆ ಕೈ ಕೊಟ್ಟು ಕೂತು, "ಎಲ್ಲಾ ಆನ್ ಇದೆ ತಾನೇ?" ಅಂತ ಮೂರು ಸಲ ಕೇಳಿದರು. ಆಮೇಲೆ, "ಆ ಪ್ಲಗ್ಗು ಗೋಡೆಗೆ ಹಾಕಿದ್ದು ಯಾರು?" ಅಂದರು. ನಾನು "ಯಾರೋ" ಅಂದೆ. "ಇನ್ಯಾರು, ನಿಮ್ಮ ಮಾವನೇ ಹಾಕಿ ಮರೆತಿರಬೇಕು" ಅಂದರು. ನಾನು ಟೆಸ್ಟರ್ ಎತ್ತಿಕೊಂಡು ಹೊರಗೆ ಬಂದೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಮೊಣಕಾಲು ಹೇಗಿದೆ, ಬರೆಯಿರಿ. ನಿಮ್ಮ ಆಶೀರ್ವಾದದ ಕೈ ನನ್ನ ತಲೆ ಮೇಲಿಂದ ತೆಗೆಯಬೇಡಿ.

ಇಂತಿ ನಿಮ್ಮ
ಇಲಿಮರಿ

ಇನ್ನೊಂದು ಮಾತು. ನಿನ್ನೆ ಸಹಿ ಹಾಕಿದ ಮೇಲೆ ಕಾಗದ ಅಂಟಿಸಲು ಕೈ ಬರಲಿಲ್ಲ. ಮಾವ, ಆ ಯಾರೋ ನಾನೇ. ನೀವು ಜ್ವರ ಬಂದು ಮಲಗಿದ್ದಾಗ ಪರದೆ ಹಿಂದೆ ಎರಡು ದಿನ ಧೂಳು ತೆಗೆದೆನಲ್ಲ, ಧೂಳು ಎಳೆಯುವ ಮೆಷಿನ್ನಿನ ವೈರು ಗೋಡೆಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಕೆಂಪು ಬೋರ್ಡು ಕೊಟ್ಟು, ಆಂಪ್ಲಿಫೈಯರನ್ನು ಗೋಡೆಗೆ ಸಿಕ್ಕಿಸಿದೆ. ಆಮೇಲೆ ಮರೆತೇಬಿಟ್ಟೆ. ಮರೆತದ್ದಕ್ಕೆ ನೀವು ಬೈದು ಸುಮ್ಮನಾಗುತ್ತೀರಿ, ಗೊತ್ತು. ಆದರೆ ಸದ್ದು ಶುರುವಾದಾಗ, ಏಣಿ ಹತ್ತಲು ಮೊಣಕಾಲು ಬಾರದೆ, ನೀವು ಕೆಳಗೆ ನಿಂತು "ಹಿಂದೆ ಎಲ್ಲ ಸರಿ ಇದೆಯೇನೇ?" ಅಂತ ನನ್ನನ್ನು ಕೇಳಿದಿರಿ. ನಾನು ಒಳಗೆ ಹೋಗಿ ನೋಡದೆಯೇ "ಸರಿ ಇದೆ ಮಾವ" ಅಂದೆ. ನನ್ನ ಮಾತು ನಂಬಿ ನೀವು ಮತ್ತೆ ಆ ಕಡೆ ತಿರುಗಲೇ ಇಲ್ಲ. ಮೇಲಿನ ಕೋಣೆಯಲ್ಲಿ ಹುಡುಕಿ ಹುಡುಕಿ ಸೋತು ಮಾತು ಕೇಳಿಸಿಕೊಂಡಿರಿ.

ನೀವು ವಾಪಸ್ ಬರುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕೇಳುವ ಮುಖ ಉಳಿಸಿಕೊಂಡಿಲ್ಲ. ನಿಮಗೆ ಅಂದದ್ದು ಎಲ್ಲರೆದುರು, ಹಾಗಾಗಿ ಇವತ್ತು ಬೆಳಿಗ್ಗೆ ಟಿಕೆಟ್ ಕಿಟಕಿಯ ಹತ್ತಿರ ಎಲ್ಲರೂ ಸೇರಿದ ಹೊತ್ತಿಗೆ ಹೋಗಿ, ತಪ್ಪು ಮಾವನದಲ್ಲ, ನನ್ನದು ಅಂತ ಹೇಳಿದೆ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಕೂಗಿ ಹೇಳಿದೆ.