ನಾವು ಎದ್ದು ನಿಲ್ಲುವುದು ಗೌರವಕ್ಕಲ್ಲ

ವಿಶ್ರಾಂತಿ ನಗರ ಬಡಾವಣೆಯ ಮಾನ್ಯ ವಿಶೇಷಾಧಿಕಾರಿಗಳೇ,

ನನಗೆ ಮದುವೆಯಾಗಿದೆ! ತುಳಸಿ ಲಗ್ನ ಕಳೆದ ಮರುವಾರವೇ ಬಸವಕಲ್ಯಾಣದಲ್ಲಿ ಅಕ್ಷತೆ ಬಿತ್ತು. ನಮ್ಮವರು ಎಷ್ಟು ಒಳ್ಳೆಯವರೆಂದರೆ, ನಾನು ಮಾಡಿದ ಮೊದಲ ಜೋಳದ ರೊಟ್ಟಿಯನ್ನು ಭಾರತದ ಭೂಪಟವೆಂದು ಹೊಗಳಿ, ಕಾಶ್ಮೀರದಿಂದ ಶುರುಮಾಡಿ ಪೂರ್ತಿ ತಿಂದರು. ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆಂದರೆ, ಸಂತೋಷವನ್ನು ಒಳಗೇ ತಡೆದಿಟ್ಟುಕೊಳ್ಳುವುದು ನನ್ನಿಂದಾಗದು. ತಡೆದಿಟ್ಟುಕೊಳ್ಳಲಾಗದ ಇನ್ನೊಂದು ವಿಷಯವೂ ಇದೆ. ಈ ಪತ್ರ ಅದರದೇ. ಬಹಿರ್ದೆಸೆಯ ಮಾತನ್ನು ಬಹಿರಂಗ ಪತ್ರದಲ್ಲಿ ಬರೆಯುವ ಹೆಣ್ಣು ಎಂಥವಳು ಎಂದು ಓದುವವರು ಕೇಳಬಹುದು. ಬರೆಯುವಾಗ ಕಿವಿಯವರೆಗೂ ಕೆಂಪಾಗಿರುವವಳು, ಅಷ್ಟೇ. ಆದ್ದರಿಂದ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಬಡಾವಣೆಯ ತೆಗ್ಗಿನ ಅಂಚಿಗೆ ನೀವು ಹಾಕಿಸಿದ ದೊಡ್ಡ ದೀಪ, ನಾವು ಹೆಂಗಸರು ನಸುಕಿನಲ್ಲಿ ಹೋಗಿ ಕೂರುವ ಒಂದೇ ಒಂದು ಜಾಗದ ಮೇಲೆ ಬೆಳಕು ಚೆಲ್ಲುತ್ತಿದೆ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಕೆಳಗಿಳಿದ ಕೊಳ್ಳದಲ್ಲಿ ನಮ್ಮ ಬಡಾವಣೆ ಬೆಳೆಯುತ್ತಿದೆ. ನಿಮ್ಮ ಕಚೇರಿ ಹಂಚಿದ ಕರಪತ್ರ ನನಗೆ ಬಾಯಿಪಾಠ: ನಿವೃತ್ತರಿಗೆ ನೆಮ್ಮದಿ, ವ್ಯಾಪಾರಿಗಳಿಗೆ ವೃದ್ಧಿ, ಸಂಸಾರಸ್ಥರಿಗೆ ಶುದ್ಧ ಗಾಳಿ. ಸಿಕಂದರಾಬಾದಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಕೊಳ್ಳ ಅಥವಾ ವ್ಯಾಲಿ ಎಂದರೆ ಪಠ್ಯಪುಸ್ತಕದ ಹಸಿರು ಚಿತ್ರ, ಕುರಿಮರಿ, ನೀಲಿ ಹೂವು. ಇಲ್ಲಿ ಹೂವೂ ಇದೆ, ತಂಗಡಿಯದು. ಕುರಿಯೂ ಇದೆ, ಪಕ್ಕದ ಕೊಹಿನೂರ ಹಳ್ಳಿಯವರದು. ನನಗೆ ಈ ಜಾಗ ನಿಜಕ್ಕೂ ಇಷ್ಟ. ಸಂಜೆ ನಿವೃತ್ತ ಅಮಲ್ದಾರರು, ನಿವೃತ್ತ ಹೆಡ್‌ಮಾಸ್ತರರು ಕೈಕೋಲು ಬೀಸುತ್ತ ತಿರುಗಾಡುತ್ತಾರೆ. ಹೊಸ ಹಿಟ್ಟಿನ ಗಿರಣಿ ಟುಕ್ ಟುಕ್ ಅನ್ನುತ್ತದೆ. ಶುದ್ಧ ಗಾಳಿಯ ಬಗ್ಗೆ ಮಾತ್ರ, ತೆಗ್ಗಿನ ಕಡೆಯಿಂದ ಬೀಸದ ದಿನ ಮಾತಾಡೋಣ.

ಇಲ್ಲಿ ಯಾರ ಮನೆಯಲ್ಲೂ ಪಾಯಖಾನೆಯಿಲ್ಲ. ಬಡತನದಿಂದಲ್ಲ, ನಿಯಮದಿಂದ. ಕೊಳ್ಳದ ತಳದಲ್ಲಿ ಕುಡಿಯುವ ನೀರಿನ ಬಾವಿ ಇರುವುದರಿಂದ, ಭೂಗತ ಚರಂಡಿ ಬರುವವರೆಗೆ ಮನೆಗಳಲ್ಲಿ ಗುಂಡಿ ತೋಡಬಾರದು ಎಂದಿರಿ. ಒಪ್ಪಿದೆವು. ಅಲ್ಲಿಯವರೆಗೆ ಹೆದ್ದಾರಿಯ ಪಕ್ಕದ ಏರಿನಲ್ಲಿ, ಬಾವಿಗೆ ದೂರವಾಗಿ, ಹೆಂಗಸರಿಗೊಂದು ಪಾಯಖಾನೆ ಕಟ್ಟಿಸುತ್ತೇವೆ ಎಂದಿರಿ. ಅದಕ್ಕೂ ಒಪ್ಪಿದೆವು. ಆ ಜಾಗದಲ್ಲಿ ಈಗ ಸ್ವಾಗತ ಕಮಾನು ನಿಂತಿದೆ. ಯಾರನ್ನು ಸ್ವಾಗತಿಸುವುದಕ್ಕೆ, ಮಾನ್ಯರೇ? ಬಂದವರು ಚಹಾ ಕುಡಿದು ಸ್ವಲ್ಪ ಹೊತ್ತಾದ ಮೇಲೆ ಎಲ್ಲಿಗೆ ಹೋಗಬೇಕು?

ಇದರಲ್ಲಿ ನನ್ನ ಪಾಲಿನ ನಾಚಿಕೆ ಉಳಿದವರಿಗಿಂತ ಒಂದು ಹಿಡಿ ಹೆಚ್ಚು. ಏಕೆಂದರೆ ಬಡಾವಣೆಯ ಬಾಯಲ್ಲಿ ನಮ್ಮವರದು ಸ್ಯಾನಿಟರಿ ಸಾಮಾನಿನ ಅಂಗಡಿ. ಚರಂಡಿ ಬಂದೇಬರುತ್ತದೆಂದು ನಿಮ್ಮ ಕರಪತ್ರವನ್ನು ನಂಬಿ ತೆರೆದದ್ದು. ಗಾಜಿನ ಹಿಂದೆ ಬಿಳಿ ಪಿಂಗಾಣಿಯ ಪಾಯಖಾನೆ ಬೋಗುಣಿಗಳು ಸಾಲಾಗಿ ಕೂತಿವೆ. ದಿನಾ ಒರೆಸುವವಳು ನಾನೇ. ಹೋದ ತಿಂಗಳು ದುಬಲಗುಂಡಿಯ ಮಾಣಿಕಪ್ಪ ಎಂಬ ಹಿರಿಯರು ಒಳಗೆ ಬಂದು ಒಂದನ್ನು ಬೆರಳಿನಿಂದ ಬಾರಿಸಿ ನೋಡಿದರು.

"ಎಮ್ಮಿಗಿ ನೀರು ಕುಡಸಾಕ ಛಲೋ ಅದ ನೋಡ್ರಿ. ಆದ್ರ ತಳದಾಗ ತೂತು ಯಾಕ ಬಿಟ್ಟಾರ?"

ನಮ್ಮವರು ಮೆಲ್ಲಗೆ ವಿಷಯ ತಿಳಿಸಿದರು. ಮಾಣಿಕಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು.

"ಛೀ ಛೀ, ಇಷ್ಟು ಬೆಳ್ಳಗ ಇದ್ದದರಾಗ? ನನ್ನ ಊಟದ ತಾಟೂ ಇಷ್ಟು ಬೆಳ್ಳಗಿಲ್ಲ ಸಾವ್ಕಾರ! ಹೋಗ್ಲಿ, ನಿಮ್ಮ ಮನ್ಯಾಗರ ಹಾಕ್ಸೀರೇನು?"

ನಮ್ಮವರು ಲೆಕ್ಕದ ಪುಸ್ತಕ ತಿರುವತೊಡಗಿದರು. ಒರೆಸುವ ಬಟ್ಟೆ ಹಿಡಿದು ನಾನು ಒಳಗೋಡಿದೆ. ಬೋಗುಣಿ ಮಾರುವವನ ಹೆಂಡತಿ ಚರಿಗೆ ಹಿಡಿದು ಬಯಲಿಗೆ ಹೋಗುತ್ತಾಳೆ. ಸಕ್ಕರೆ ಮಾರುವವನ ಹೆಂಡತಿ ಸಪ್ಪೆ ಚಹಾ ಕುಡಿದ ಹಾಗೆ.

ಆದರೂ ದೀಪ ಬರುವ ಮೊದಲು ಬಯಲಿಗೂ ಒಂದು ಮರ್ಯಾದೆ ಇತ್ತು. ಅದನ್ನು ಕಲಿಸಿದವರು ತೆಗ್ಗಿನ ಅಂಚಿನ ಮನೆಯ ಶೇವಂತಾಬಾಯಿ. ಹೊಲದ ಕೂಲಿಗೆ ಹೋಗುವ, ನಾಲಿಗೆ ಬಹಳ ಚುರುಕಾದ ಹೆಂಗಸು. ಮೊದಲ ದಿನ ಅಳು ಬಂದು ನಾನು ದಾರಿಯಲ್ಲೇ ನಿಂತಾಗ ಕೈಹಿಡಿದು ಕರೆದೊಯ್ದರು. "ಅಂಜಬ್ಯಾಡ ಮಗಳ, ಇಲ್ಲಿ ಕೆಮ್ಮೇ ಬಾಗ್ಲಾ" ಎಂದರು. ಗಂಡಸರು ಆ ದಾರಿಗೆ ಬರುವಾಗ ದೂರದಿಂದಲೇ ಕೆಮ್ಮುತ್ತಾರೆ. ತೆಗ್ಗಿನಲ್ಲಿ ಹೆಂಗಸರಿದ್ದರೆ ತಿರುಗಿ ಕೆಮ್ಮುತ್ತಾರೆ. ಗಂಡಸು ಬೇರೆ ದಾರಿ ಹಿಡಿಯುತ್ತಾನೆ. ನಿವೃತ್ತ ಅಮಲ್ದಾರ ಮಹಾರುದ್ರಪ್ಪನವರ ಕೆಮ್ಮಂತೂ ಗಿರಣಿಯವರೆಗೂ ಕೇಳುತ್ತದೆ. ದೇವರು ಅವರಿಗೆ ನೂರು ವರ್ಷ ಆ ಗಂಟಲು ಕೊಡಲಿ. ಕತ್ತಲು ನಮ್ಮ ಗೋಡೆ, ಕೆಮ್ಮು ನಮ್ಮ ಬಾಗಿಲು. ನನ್ನ ಶಾಲೆಯ ಪುಸ್ತಕದ ಯಾವ ಶಿಷ್ಟಾಚಾರಕ್ಕೂ ಇದು ಕಡಿಮೆಯಲ್ಲ.

ಸಂಕ್ರಾಂತಿಗೆ ನೀವು ಗೋಡೆ ಕೆಡವಿದಿರಿ. ವಾಯುವಿಹಾರದ ಹಿರಿಯರಿಗಾಗಿ ಅಂಚಿನಲ್ಲಿ ಕಲ್ಲುಬೆಂಚು, ಬೆಂಚಿನ ಪಕ್ಕ ಕಂಬ, ಕಂಬದ ತುದಿಗೆ ಹಗಲಿನಂಥ ದೀಪ. ಬೆಂಚುಗಳ ಮುಖ ಯಾವ ಕಡೆಗಿದೆ ಎಂದು ನೋಡಿದ್ದೀರಾ? ಮಹಾರುದ್ರಪ್ಪನವರು ಒಂದು ದಿನ ಕೂರಲು ಬಂದವರು ಎದುರಿಗೆ ಏನಿದೆಯೆಂದು ತಿಳಿದ ಕೂಡಲೇ ರುಮಾಲಿನಿಂದ ಮುಖ ಮುಚ್ಚಿಕೊಂಡು ಹಿಂತಿರುಗಿದರು. ಈಗ ಬೆಂಚಿನ ಮೇಲೆ ಆಡುಗಳು ಮಲಗುತ್ತವೆ.

ಆದರೆ ನಿಮ್ಮ ಜೀಪು ಹಿಂತಿರುಗಲಿಲ್ಲ. ಪ್ರಗತಿಯನ್ನು ಪರಿಶೀಲಿಸಲು ನೀವು ನಸುಕಿನಲ್ಲಿ ಅಂಚಿನ ರಸ್ತೆಗೆ ಬರತೊಡಗಿದಿರಿ. ನಿಮ್ಮ ಜೀಪೂ ಕೆಮ್ಮುತ್ತದೆ ನಿಜ, ಆದರೆ ತಿರುಗಿ ಕೆಮ್ಮಿದ್ದು ಅದಕ್ಕೆ ಕೇಳಿಸುವುದಿಲ್ಲ. ಗಾಡಿ ಬಂದರೆ ಹೆಂಗಸರೇನು ಮಾಡುತ್ತಾರೆ? ಸೀರೆ ಇಳಿಬಿಟ್ಟು ಎದ್ದು ನಿಲ್ಲುತ್ತಾರೆ. ಬೇರೆ ಯಾವ ಉಪಾಯವೂ ಇಲ್ಲ. ಒಂದು ಬೆಳಿಗ್ಗೆ "ಏಳ್ರೆವ್ವಾ, ಸಾಹೇಬ್ರ ಸವಾರಿ ಬಂತು" ಎಂದು ಶೇವಂತಾಬಾಯಿ ಕೂಗಿದರು. ನಾವೆಲ್ಲ ಸಾಲಾಗಿ ಎದ್ದು, ತಲೆ ತಗ್ಗಿಸಿ ನಿಂತೆವು. ಜೀಪು ನಿಧಾನವಾಯಿತು. ಅದರೊಳಗಿಂದ ನೀವು ಎರಡೂ ಕೈ ಜೋಡಿಸಿ ನಮಗೆ ನಮಸ್ಕರಿಸಿದಿರಿ.

"ಯವ್ವಾ, ಶರಣು ಮಾಡ್ಯಾರಲ್ಲ!" ಎಂದರು ಶೇವಂತಾಬಾಯಿ. "ತಿರಗಿ ಮಾಡೋಣಂದ್ರ ಕೈಯಾಗ ಚರಗಿ ಅದ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಶಾಲೆಯಲ್ಲಿ ದೊಡ್ಡವರು ಕೋಣೆಗೆ ಬಂದರೆ ಎದ್ದು ನಿಲ್ಲಬೇಕೆಂದು ಕಲಿಸಿದ್ದರು. ಅದು ಹೀಗೆ ಉಪಯೋಗಕ್ಕೆ ಬಂದೀತೆಂದು ಯಾರು ತಾನೇ ಎಣಿಸಿದ್ದರು?

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಗಣರಾಜ್ಯೋತ್ಸವದ ದಿನ ಕಮಾನಿನ ಕೆಳಗೆ ಧ್ವಜ ಹಾರಿಸಿ ನೀವು ಭಾಷಣ ಮಾಡಿದಿರಿ: "ಈ ಬಡಾವಣೆಯ ತಾಯಂದಿರು ನಸುಕಿನಲ್ಲಿ ನನ್ನ ವಾಹನ ಕಂಡ ಕೂಡಲೇ ಸಾಲಾಗಿ ಎದ್ದು ನಿಂತು ಗೌರವ ಸಲ್ಲಿಸುತ್ತಾರೆ. ಇದು ಕಲ್ಯಾಣದ ಮಣ್ಣಿನ ಗುಣ!" ಗಂಡಸರಿಗೆಲ್ಲ ನಿಜ ಗೊತ್ತಿತ್ತು. ನೆಲ ನೋಡುತ್ತ ಚಪ್ಪಾಳೆ ತಟ್ಟಿದರು. ಒಬ್ಬರಾದರೂ ಬಾಯಿ ಬಿಡಲಿಲ್ಲ, ನಮ್ಮವರೂ ಬಿಡಲಿಲ್ಲ. ಹಾಗೆಂದೇ ಅವರಿಗೆ ಆ ರಾತ್ರಿ ರೊಟ್ಟಿಯ ಭೂಪಟ ಸಿಗಲಿಲ್ಲ. ಅಲ್ಲಿ ಚಪ್ಪಾಳೆ ನಿಂತ ಕೂಡಲೇ ಹೆಂಗಸರ ಸಾಲಿನಿಂದ ಶೇವಂತಾಬಾಯಿ ಕೆಮ್ಮಿದರು. ಪಕ್ಕದವರು ಕೆಮ್ಮಿದರು. ಕೊನೆಗೆ ಇಡೀ ಸಾಲೇ ಕೆಮ್ಮಿತು. ಇಲ್ಲಿ ನಾವಿದ್ದೇವೆ, ದಾರಿ ಬದಲಿಸಿ ಎಂದು ನಮಗೆ ಬರುವ ಒಂದೇ ಮರ್ಯಾದೆಯ ಭಾಷೆಯಲ್ಲಿ ನಿಮಗೆ ಹೇಳಿದೆವು, ಮಾನ್ಯರೇ. ನೀವು ಕರುಣೆಯಿಂದ ನಮ್ಮನ್ನು ನೋಡಿದಿರಿ. ಮರುವಾರ ನೀವು ಕಳಿಸಿದ ಕಂಪೌಂಡರ್ ಯುನೂಸ್ ಮನೆಮನೆಗೆ ಕೆಮ್ಮಿನ ಔಷಧ ಹಂಚಿ ಹೋದರು.

ಔಷಧ ಸಿಹಿಯಾಗಿತ್ತು. ಧನ್ಯವಾದ.

ಈಗ ನನ್ನ ಎರಡನೆಯ ಸಂತೋಷದ ಸುದ್ದಿ. ತಾಯಿಯಿಲ್ಲದ ನನ್ನನ್ನು ಸಾಕಿದ, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಿದರೆ ಕಿವಿ ಹಿಂಡಿದ ನನ್ನ ತಾಯಿಯ ಸೋದರಿ ಕೇಶರಬಾಯಿ ಮೌಶಿ, ಹೈದರಾಬಾದಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ನಿವೃತ್ತಳಾಗಿ ನಮ್ಮಲ್ಲೇ ಇರಲು ಬರುತ್ತಿದ್ದಾಳೆ. ಕರಪತ್ರ ಕಳಿಸಿ ಕರೆದವಳು ನಾನೇ. ಜೀವಮಾನವೆಲ್ಲ ಬೇರೆಯವರಿಗೆ ಬೆಡ್‌ಪ್ಯಾನ್ ಹಿಡಿದವಳು ಅವಳು; ಅವಳನ್ನು ನಾನು ಎಲ್ಲಿಗೆ ಕರೆದೊಯ್ಯಲಿ? ವಾರ್ಡುಗಳಲ್ಲಿ ನಿಂತು ನಿಂತು ಅವಳ ಮೊಣಕಾಲು ಹೋಗಿವೆ. ಕೂತರೆ ಇಬ್ಬರು ಎಬ್ಬಿಸಬೇಕು. ಜೀಪು ಬಂದಾಗ ಉಳಿದವರೆಲ್ಲ ಎದ್ದು ನಿಲ್ಲುತ್ತೇವೆ. ಅವಳು, ನಿಮ್ಮ ದೀಪದ ಕೆಳಗೆ, ಕೂತೇ ಇರುತ್ತಾಳೆ.

ಆದ್ದರಿಂದ ಕೇಳುತ್ತೇನೆ. ಬೇಡುವುದಿಲ್ಲ. ಕಮಾನಿನ ಹಿಂದೆ ಇನ್ನೂ ಖಾಲಿ ಜಾಗವಿದೆ. ಅಲ್ಲಿ ಹೆಂಗಸರ ಪಾಯಖಾನೆಗೆ ಪರವಾನಗಿ ಕೊಡಿ. ಬೋಗುಣಿಗಳನ್ನು ನಮ್ಮವರು ಪುಕ್ಕಟೆ ಕೊಡುತ್ತಾರೆ, ಭಾಷಣದ ದಿನದ ಮೌನಕ್ಕೆ ಅದು ಅವರೇ ಹಾಕಿಕೊಂಡ ದಂಡ. ಕಲ್ಲು ಹೊರಲು ನಾವಿದ್ದೇವೆ. ಬಾಗಿಲಿಗೆ ಒಳಗಿನಿಂದ ಚಿಲಕವಿರಲಿ. ಅದು ಮುಗಿಯುವವರೆಗೆ ಆ ದೀಪವನ್ನು ಆರಿಸಿ. ಕತ್ತಲನ್ನು ನಮಗೆ ಹಿಂದಿರುಗಿಸಿ. ಪ್ರಗತಿ ಪರಿಶೀಲನೆಗೆ ಹಗಲಿನಲ್ಲಿ ಬನ್ನಿ. ಅಂಗಡಿಯ ಮುಂದೆ ನಿಂತು, ಚರಿಗೆಯಿಲ್ಲದ ಎರಡೂ ಕೈಗಳಿಂದ ನಾನೇ ನಮಸ್ಕರಿಸುತ್ತೇನೆ.

ಇಂತಿ,
ನೀವು ಒಮ್ಮೆ ಕೈಮುಗಿದ ಸಾಲಿನಲ್ಲಿ
ಎಡದಿಂದ ಮೂರನೆಯವಳು

ತಾ.ಕ.: ಮೌಶಿ ಮಾರ್ಚ್ ಒಂಬತ್ತು, ಶುಕ್ರವಾರ, ಹೈದರಾಬಾದಿನಿಂದ ಪರಳಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಬಂದು ಭಾಲ್ಕಿಯಲ್ಲಿ ಇಳಿಯುತ್ತಾಳೆ.