ತಂಗಿ ಹೊಲಿದ ಒರೆ

ಮಾರ್ಚ್ ೩, ಸಂಜೆ

ಕೆಲಸದಿಂದ ಬಂದವಳೇ ಬಾಲ್ಕನಿ. ಕಾಯಿಸಿ ಮೆತ್ತಗೆ ಮಾಡಿಟ್ಟಿದ್ದ ಹಳೆಯ ಉಕ್ಕಿನ ಅರವನ್ನು ಉಜ್ಜಿ ಉಜ್ಜಿ ಚಾಕುವಿನ ಅಲಗಿನ ಆಕಾರಕ್ಕೆ ತಂದೆ. ಅಂಗೈಯಷ್ಟೇ ಉದ್ದ. ತಂಗಿ ಬಾಗಿಲಲ್ಲಿ ಕೂತು ನೋಡಿದಳು. ಗಂಡನ ಮನೆಯಿಂದ ಬಂದಾಗಿನಿಂದ ಮಾತು ಕಡಿಮೆ. ಕತ್ತಿನ ಮೇಲಿನ ಕಲೆ ಹಳದಿಗೆ ತಿರುಗಿದೆ. ಕೇಳಿದರೆ, ಜಾರಿ ಬಿದ್ದೆ ಎನ್ನುತ್ತಾಳೆ. ಕತ್ತಿನ ಮೇಲೆ ಯಾರು ಜಾರಿ ಬೀಳುತ್ತಾರೆ?

"ಯಾರಿಗಕ್ಕಾ ಇದು?"

"ನನಗೇ. ಹಣ್ಣು ಹೆಚ್ಚೋಕೆ."

"ಅಂಗಡೀಲಿ ಸಿಗಲ್ವಾ?"

"ಸಿಗತ್ತೆ. ಮಾಡೋ ಮಜಾ ಸಿಗಲ್ಲ."

ನಕ್ಕಳೋ ಏನೋ. ಬೆಳಕು ಕಮ್ಮಿಯಿತ್ತು.

ಮಾರ್ಚ್ ೫

ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದೆ. ಚುಂಯ್! ಮನೆಯೆಲ್ಲ ಹೊಗೆ. ಆಮೇಲೆ ಓವನ್‌ನಲ್ಲಿಟ್ಟು, ಒಣಹುಲ್ಲಿನ ಬಣ್ಣ ಬಂದಾಗ ತೆಗೆದೆ. ಹದವಾಗಿದೆ. ಇದೇ ಓವನ್‌ನಲ್ಲಿ ಕೇಕ್ ಮಾತ್ರ ಒಮ್ಮೆಯೂ ನೆಟ್ಟಗಾಗಿಲ್ಲ.

ಮಾರ್ಚ್ ೮, ಮಧ್ಯಾಹ್ನ

ಮರದ ಹಿಡಿ ಕೂತಿತು. ಸಾಣೆ ಹಿಡಿದೆ — ಕಾಗದ ಸರ್ರನೆ ಸೀಳುತ್ತದೆ. ಒರೆಗೆ ಹಳೇ ಬ್ಯಾಗಿನ ಚರ್ಮ. "ನಾನು ಹೊಲೀತೀನಿ" ಎಂದು ತಂಗಿಯೇ ಕಿತ್ತುಕೊಂಡಳು. ದಬ್ಬಳದಿಂದ ತೂತು, ಮೇಣ ಸವರಿದ ದಾರ, ಒಂದೇ ಸಮನಾದ ಹೊಲಿಗೆ. ಏನೋ ಗುನುಗುತ್ತಿದ್ದಳು. ಜೀವಕ್ಕೆ ಹಾಯೆನಿಸಿತು.

ಮಾರ್ಚ್ ೧೪

ಅವಳ ಗಂಡ ಫೋನ್ ಮಾಡಿದ್ದನಂತೆ. ನಾಳೆ ಕರೆದುಕೊಂಡು ಹೋಗಲು ಬರುತ್ತಾನೆ.

"ಹೋಗ್ತೀನಿ ಅಕ್ಕಾ. ಎಷ್ಟು ದಿನ ಅಂತ ನಿನಗೆ ಭಾರವಾಗಿರ್ಲಿ?" ಒರೆ ಎತ್ತಿಕೊಂಡು, "ಆ ಚಾಕು ಕೊಡ್ತೀಯಾ?"

ಒರೆ ತೋರಿಸಿದಳು. ಹಿಂಬದಿಗೆ ಒಂದು ಪಟ್ಟಿ ಹೊಲಿದಿದ್ದಾಳೆ. ಸೊಂಟಕ್ಕೆ, ಬಟ್ಟೆಯ ಒಳಗೆ ಸಿಕ್ಕಿಸಿಕೊಳ್ಳಲು.

ನೋಡೋಣ ಎಂದೆ. ನೋಡೋಣವಂತೆ! ನನ್ನ ನಾಲಿಗೆಗೆ ಏನಾಗಿತ್ತು...

ಮಾರ್ಚ್ ೧೫, ಬೆಳಿಗ್ಗೆ

ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಉಜ್ಜಿ ಮೊಂಡು ಮಾಡಿದೆ. ಸದ್ದಿಗೆ ಎದ್ದು ಬಂದಳು.

"ಹಾಳು ಮಾಡ್ಬಿಟ್ಯಲ್ಲ! ನನಗೆ ಬೇಕಿತ್ತು."

"ಸೊಂಟದಲ್ಲಿ ಚಾಕು ಇಟ್ಕೊಂಡು ಮಲಗ್ಬೇಕಾದ ಮನೆಗೆ ನಿನ್ನ ಕಳಿಸಲ್ಲ ಕಣೇ."

ಅಲ್ಲೇ ಕುಸಿದು ಕೂತಳು. ಅತ್ತಳು — ಇಲ್ಲಿಗೆ ಬಂದ ಮೇಲೆ ಮೊದಲ ಸಲ. ಆಮೇಲೆ ಎಲ್ಲ ಹೇಳಿದಳು. ಬರೆಯಲಾರೆ.

ಅದೇ ದಿನ, ಹನ್ನೊಂದು ಗಂಟೆ

ಬಂದ. ನಾನು ಎದ್ದೆ. "ನೀನು ಸುಮ್ನಿರು" ಎಂದು ಅವಳೇ ಹೋದಳು. ಸರಪಳಿ ತೆಗೆಯದೆ ಬಾಗಿಲನ್ನು ಸಂದಿಯಷ್ಟೇ ತೆರೆದಳು.

"ನಾನು ಬರಲ್ಲ."

"ಏನೇ ಇದು ನಾಟಕ? ಜನ ಏನಂತಾರೆ?"

"ಜನಕ್ಕೆ ನಾನೇ ಹೇಳ್ತೀನಿ. ಒಂದೂ ಬಿಡದೆ ಹೇಳ್ತೀನಿ."

ಬಾಗಿಲಿಗೆ ಒದ್ದ. ಮೆಟ್ಟಿಲಿಳಿದು ಹೋದ. ಆದರೆ ಕಾರು ಇನ್ನೂ ಕೆಳಗೇ ಇದೆ. ತಂಗಿ ಪೊಲೀಸರಿಗೆ ಫೋನ್ ಮಾಡಿದ್ದಾಳೆ. ತನ್ನ ಹೆಸರು, ನನ್ನ ಮನೆಯ ವಿಳಾಸ, ಬಿಡಿಸಿ ಬಿಡಿಸಿ ಹೇಳುತ್ತಿದ್ದಾಳೆ. ಕಾರಿನ ಬಾಗಿಲು ಬಡಿದ ಸದ್ದು — ಮತ್ತೆ ಇಳಿದನೋ, ಹೊರಟನೋ. ತಂಗಿ ಕೈ ಬೀಸಿ ಕರೆಯುತ್ತಿದ್ದಾಳೆ, ಹೋಗಬೇಕು, ಆಮೇಲೆ —