ಒಂದೇ ಶಾಲು

ಏಪ್ರಿಲ್ 28, ಸೋಮವಾರ
ನಾನು ಶಿವಕಾಂತಮ್ಮ. ಮೆಟ್ರಿಕ್ ಪಾಸು. ಸೇಡಂ ಬಸ್‌ಸ್ಟ್ಯಾಂಡ್ ಹಿಂದಿನ ರೊಟ್ಟಿ ಕೇಂದ್ರದ ಒಡತಿ. ಮನೆಯಲ್ಲೂ ಒಲೆ ಮುಂದೆಯೂ ನನ್ನ ಮಾತು ಮೀರುವವರಿಲ್ಲ.
ಜೋಳದ ಹಿಟ್ಟು ಬಂತು. ತರಿ ಜಾಸ್ತಿ. ವಾಪಸ್ ಕಳಿಸಿದೆ.
ಮಗ ಆನಂದಕುಮಾರ ಹೇಳಿದ, "ಅವ್ವಾ, ಮೇ ಡೇ ದಿನ ನಮ್ಮ ಹೆಣ್ಮಕ್ಕಳಿಗಿ ಸನ್ಮಾನ ಮಾಡೂನು. ಸ್ಟಾಫ್ ಖುಷ್ ಇರ್ತದ."
ಒಪ್ಪಿದೆ. ರೊಟ್ಟಿ ಬಡಿಯುವ ಕೈಗೂ ಒಂದು ಮರ್ಯಾದೆ ಆಗಲಿ ಎಂದು.

ಮೇ 1, ಮಧ್ಯಾಹ್ನ
ಥೂ.
ಎಂಟು ಜನ, ಒಂದೇ ಶಾಲು. ಹೊದಿಸುವುದು, ಫೋಟೋ, ಕಿತ್ತು ಮುಂದಿನವಳಿಗೆ. ಪ್ರತಿ ಫೋಟೋದಲ್ಲೂ ಆನಂದನ ಹಲ್ಲು.
ಕೊನೆಗೆ ಜಾನಬಿ. ಕೇಂದ್ರ ಶುರುವಾದಾಗಿನಿಂದ ನನ್ನ ಜೊತೆ ಇರುವವಳು. ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ತನ್ನದೇ ಎಂದು ಶಾಲನ್ನು ಎದೆಗವಚಿ ಹಿಡಿದಳು. ಆನಂದ ಜಗ್ಗಿದ.
"ಬಿಡು ಜಾನಬಿ, ಅಂಗಡಿಗಿ ವಾಪಸ್ ಕೊಡೋದದ."
ಎಂಟರಲ್ಲಿ ಒಬ್ಬಳಾದ ಅಂಬುಬಾಯಿಯ ಬಾಯಿ ಕೇಳಬೇಕೆ! "ಹೆಣಕ್ಕ ಹೊಚ್ಚಿದ್ದು ಸೈತ ಯಾರೂ ಹೊಳ್ಳಿ ಜಗ್ಗಂಗಿಲ್ಲ ನೋಡ್ರಿ ಸಾವ್ಕಾರ!"
ಎಲ್ಲರೂ ನಕ್ಕರು. ಜಾನಬಿ ನಗಲಿಲ್ಲ. ನಾನು ಕುರ್ಚಿಯಲ್ಲೇ…

ಮೇ 2
ಜಾನಬಿ ಬರಲಿಲ್ಲ. ಆನಂದ ತನ್ನ ಸ್ಟೇಟಸ್ ಯಾರು ಯಾರು ನೋಡಿದರೆಂದು ಮೊಬೈಲ್ ತಿಕ್ಕುತ್ತ ಕೂತಿದ್ದಾನೆ.
"ಹೋಗ್ಲಿ ಬಿಡವ್ವಾ, ರೊಟ್ಟಿ ಮಷೀನ್ ತರೂನು."
ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಇದು.

ಮೇ 6, ಸಂಜೆ
ಕೆಲಸ ಬಿಟ್ಟೆ ಎಂದು ಜಾನಬಿ ಹೇಳಿ ಕಳಿಸಿದಳು. ನಾನೇ ಅವಳ ಮನೆಗೆ ಹೋದೆ. ಕೆಲಸದವರ ಬಾಗಿಲಿಗೆ ಎಂದೂ ಹೋದವಳಲ್ಲ.
"ಬರ್ರಿ ಅವ್ವಾರ, ಕುಂದ್ರಿ."
"ಒಂದ್ ಶಾಲಿಗಿ ಇಷ್ಟ್ ಸಿಟ್ಟೇನ?"
"ಶಾಲಿಗಲ್ರಿ. ಅವಗ ತಿಳಿಯಂಗಿಲ್ಲ, ಬಿಡ್ರಿ. ನೀವು ನೋಡ್ಕೋತ ಕುಂತಿದ್ರಲ್ಲ."
ಎದ್ದು ಬಂದೆ. ದಾರಿಯುದ್ದಕ್ಕೂ ಮಗನನ್ನು ಬೈಯಲು ಮಾತು ಹುಡುಕಿದೆ. ಸಿಕ್ಕಿದ್ದೆಲ್ಲ ನನಗೇ ತಾಗುವಂಥವು. ಅಸಹ್ಯ.

ಮೇ 8, ಬೆಳಿಗ್ಗೆ
ನಿನ್ನೆ ಮತ್ತೆ ಹೋಗಿ ಕರೆದೆ. ಇವತ್ತು ಬಂದಳು.
ಬಾಗಿಲಲ್ಲೇ, ಎಲ್ಲರ ಎದುರು ಆನಂದನಿಂದ ಕೇಂದ್ರದ ಬೀಗದ ಕೈ ಇಸಿದುಕೊಂಡೆ. ಜಾನಬಿಯ ಸೆರಗಿಗೆ ನಾನೇ ಗಂಟು ಹಾಕಿದೆ.
"ಇನ್ನ ಮ್ಯಾಲ ಒಲಿ, ಹಿಟ್ಟು, ಮಂದಿ — ಎಲ್ಲಾ ಈಕಿ ಹೇಳ್ದಂಗ."
"ಅವ್ವಾ, ನಾ ನಿನ್ ಮಗ!"
"ಆಕಿನ್ನ ಕೇಳಿ ಒಳಗ ಬಾ."
ಹೊಸ್ತಿಲ ಆಚೆ ನಿಂತಿದ್ದಾನೆ. ಇನ್ನೂ ಕೇಳಿಲ್ಲ. ಜಾನಬಿ ಹಿಟ್ಟು ನಾದುತ್ತಿದ್ದಾಳೆ, ತಲೆ ಎತ್ತದೆ —